ವಾಕ್ಯದಣ್ಣನಿಗೆ ಉಳಿದ ಒಂದೇ ಮಾತು

ಜಿಪ್ಪಮ್ಮನ ಅಂಗಡಿ ಇದ್ದದ್ದು ಮೂರಂತಸ್ತಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ಮನೆ ಅದೇ ಮೆಟ್ಟಿಲ ಮೇಲೆ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗಿರಾಕಿಗೊಂದು ಸ್ಟೂಲು. ಗಿರಾಕಿ ಸ್ವಲ್ಪ ದಪ್ಪಗಿದ್ದರೆ ಅವರ ಕಾಲು ಬೀದಿಯಲ್ಲೇ ಇರಬೇಕು. ಹೊಸ ಬಟ್ಟೆ ಹೊಲಿಯುವವಳಲ್ಲ ಅವಳು. ಕೆಟ್ಟುಹೋದ ಜಿಪ್ಪು, ಬಿಚ್ಚಿಹೋದ ಅಂಚು, ಯಜಮಾನರ ಹೊಟ್ಟೆಯ ಜೊತೆ ಜಗಳ ತೆಗೆದ ಪ್ಯಾಂಟಿನ ಸೊಂಟ, ಇವೇ ಅವಳ ಕಸುಬು. ಇಪ್ಪತ್ತಾರು ವರ್ಷ ಇದೇ ಮಾಡಿ ಮಾಡಿ, ಹೆತ್ತವರು ಇಟ್ಟ ಹೆಸರು ಚರ್ಚಿನ ಸಭೆಯ ರಿಜಿಸ್ಟರಿನಲ್ಲಷ್ಟೇ ಉಳಿದಿತ್ತು.

ಗಂಡ ಸಿಟಿ ಬಸ್ಸುಗಳಲ್ಲಿ ಟಿಕೆಟ್ ಚೆಕ್ಕರ್. ವಾರದ ಆರು ದಿನ ಅವನದು ಒಂದೇ ಮಾತು. "ಟಿಕೆಟ್ ಗಾಳಿಗೆ ಹಾರಿಹೋಯ್ತು ಸಾರ್" ಅಂದರೆ "ಸುಳ್ಳು." "ಈಗ ತಾನೇ ಹತ್ತಿದೆ ಸಾರ್" ಅಂದರೆ "ಸುಳ್ಳು." "ನಮ್ಮಮ್ಮನಾಣೆ ಸಾರ್" ಅಂದರೆ ಅಮ್ಮನನ್ನೂ ಸೇರಿಸಿ "ಸುಳ್ಳು." ಭಾನುವಾರ ಮಾತ್ರ ಅವನು ಬೇರೆಯೇ ಮನುಷ್ಯ. ಸಭೆಯ ಹಿರಿಯ. ಅಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ವಾಕ್ಯದಣ್ಣ ಅಂತ. ಸತ್ಯವೇದದ ಸಮಾಧಾನದ ಸಾಲುಗಳನ್ನೆಲ್ಲ ಬೆರಳುದ್ದದ ಚೀಟಿಗಳಲ್ಲಿ ಬರೆದು, ಒಂದು ತಗಡಿನ ಡಬ್ಬಿಯಲ್ಲಿ ತುಂಬಿಕೊಂಡು ತಿರುಗುತ್ತಿದ್ದ. ಕೆಲಸ ಕಳೆದುಕೊಂಡವನಿಗೆ ಬಿತ್ತದೆ ಬೆಳೆಯದೆ ಹಕ್ಕಿಗಳು ಹೊಟ್ಟೆ ಹೊರೆಯುವ ಚೀಟಿ. ಮಂಡಿ ನೋವಿನ ಮುದುಕಿಗೆ ಹದ್ದಿನ ಹಾಗೆ ಹಾರುವ ಚೀಟಿ. ಪಾಪ, ಆಕೆಗೆ ಬಸ್ ಹತ್ತಲು ಆದರೆ ಸಾಕಾಗಿತ್ತು. ಎಲೆಕ್ಟ್ರಿಷಿಯನ್ ಒಬ್ಬ ಕಂಬದಿಂದ ಬಿದ್ದು ಸತ್ತಾಗ, ಗುಂಡಿಗೆ ಮಣ್ಣು ಹಾಕಿ ಮುಗಿಯುವ ಮೊದಲೇ ಅವನ ಹೆಂಡತಿಯ ಅಂಗೈಯಲ್ಲಿ ಚೀಟಿ ಇಟ್ಟಿದ್ದ. "ಎಲ್ಲಾ ಒಳ್ಳೇದಕ್ಕೇ ಅಮ್ಮ" ಅಂತ ಸೇರಿಸಿದ್ದ. ಆಕೆ ಅವನನ್ನು ನೋಡಿದ ನೋಟ ಅವನಿಗೆ ಕಾಣಲಿಲ್ಲ. ಅವನು ಆಗಲೇ ಡಬ್ಬಿಯಲ್ಲಿ ಮುಂದಿನ ಚೀಟಿ ಹುಡುಕುತ್ತಿದ್ದ.

ಹೀಗಿದ್ದ ವಾಕ್ಯದಣ್ಣ ತನ್ನ ಐವತ್ತೆಂಟನೇ ವಯಸ್ಸಿನಲ್ಲಿ, ಒಂದು ಭಾನುವಾರ, ಸಭೆಯ ವೇದಿಕೆಯ ಮೇಲೆ ನಿಂತು ಉಪವಾಸ ಪ್ರಾರ್ಥನೆಯ ಪಟ್ಟಿ ಓದುತ್ತಿದ್ದ. ಬೆಳಗ್ಗೆ ಮನೆಯಲ್ಲಿ ಮೂರು ಮೊಟ್ಟೆ ಮುಗಿಸಿ ಬಂದಿದ್ದ ಅನ್ನುವುದು ಹೆಂಡತಿಗೆ ಮಾತ್ರ ಗೊತ್ತಿದ್ದ ಗುಟ್ಟು. ನಾಲ್ಕನೇ ಹೆಸರಿಗೆ ಬರುವ ಹೊತ್ತಿಗೆ ನಾಲಿಗೆ ತೊದಲಿತು. ಐದನೇ ಹೆಸರು ಬರಲೇ ಇಲ್ಲ. ಬಲಗೈಯಿಂದ ಕಾಗದ ಜಾರಿತು, ಅದರ ಹಿಂದೆಯೇ ಅವನೂ ಜಾರಿದ. ಪವಿತ್ರಾತ್ಮ ಇಳಿದುಬಂದಿದೆ ಅಂದುಕೊಂಡು ಮುಂದಿನ ಸಾಲಿನವರು ಕೈ ಮೇಲೆತ್ತಿ ಸ್ತೋತ್ರ ಹೇಳಿದರು. "ಅಯ್ಯೋ, ಆಂಬುಲೆನ್ಸ್ ಕರೀರಿ!" ಅಂತ ಕೂಗಿದವಳು ಜಿಪ್ಪಮ್ಮ ಒಬ್ಬಳೇ.

ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಐದನೇ ದಿನ ಅವನು ಪೂರ್ತಿ ಕಣ್ಣು ಬಿಟ್ಟಾಗ ಸಭೆಯ ಪಾಸ್ಟರ್ ಹಾಸಿಗೆಯ ಪಕ್ಕದಲ್ಲೇ ಇದ್ದರು. ಬಾಗಿ, ಅವನ ಕಿವಿಯ ಹತ್ತಿರ, ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿದರು:

"ಅಣ್ಣ, ದೇವರು ನಿಮ್ಮ ಕೈ ಬಿಡಲ್ಲ."

ವಾಕ್ಯದಣ್ಣ ಬಾಯಿ ಓರೆ ಮಾಡಿ, ಒಂದು ಸಲ ಉಗುಳು ನುಂಗಿ, ಸ್ಪಷ್ಟವಾಗಿ ಹೇಳಿದ: "ಸುಳ್ಳು."

ಪಾಸ್ಟರ್ ಇನ್ನೊಂದು ಸಲ ಹೇಳಿ ನೋಡಿದರು. ಇನ್ನೊಂದು ಸಲ ಅದೇ ಉತ್ತರ ಬಂತು. ಪಕ್ಕದ ಹಾಸಿಗೆಯ ಮುದುಕ ನಗು ತಡೆಯಲಾರದೆ ಕೆಮ್ಮಿದ.

ಮಾತಿನ ಚಿಕಿತ್ಸೆ ಕೊಡುವ ಹುಡುಗಿ ಬಂದು ಪರೀಕ್ಷೆ ಮಾಡಿ ಜಿಪ್ಪಮ್ಮನನ್ನು ಕೂರಿಸಿಕೊಂಡು ಹೇಳಿದಳು. "ಆಂಟಿ, ನೀವು ಹೇಳೋದೆಲ್ಲ ಇವರಿಗೆ ಅರ್ಥ ಆಗುತ್ತೆ. ಹೇಳ್ಬೇಕು ಅಂದ್ರೆ ಮಾತ್ರ ಮಾತು ಸಿಗಲ್ಲ. ಕೆಲವರಿಗೆ ಒಂದೇ ಒಂದು ಪದ ಉಳ್ಕೊಳ್ಳುತ್ತೆ. ಏನು ಹೇಳೋಕೆ ಹೋದ್ರೂ ಅದೇ ಬರುತ್ತೆ. ಆ ಪದಕ್ಕೆ ಅರ್ಥ ಹುಡುಕ್ಬೇಡಿ."

"ಮೂವತ್ತು ವರ್ಷ ಬಸ್ಸಲ್ಲಿ ಹೇಳಿದ್ದು ಅದೊಂದೇ ಮಾತಮ್ಮ" ಅಂದಳು ಜಿಪ್ಪಮ್ಮ. "ಭಾನುವಾರದ್ದು ಒಂದಾದ್ರೂ ಉಳೀಬಾರದಿತ್ತಾ?"

ಹುಡುಗಿ ಹೇಳಿದ್ದು ನಿಜ. ನೀರು ಬೇಕಾದರೂ ಸುಳ್ಳು, ದಿಂಬು ಜಾರಿದರೂ ಸುಳ್ಳು, ಹೆಂಡತಿ ಬಂದರೆ ಮುಖವರಳಿಸಿ ಸುಳ್ಳು. ಮನೆಗೆ ಬಂದು ಒಂದು ವಾರವಾಗುವಷ್ಟರಲ್ಲಿ ಜಿಪ್ಪಮ್ಮ ರಾಗ ಕೇಳಿಯೇ ಇದು ಹಸಿವಿನ ಸುಳ್ಳು, ಇದು ಸೊಳ್ಳೆಯ ಸುಳ್ಳು ಅಂತ ಗುರುತಿಸುತ್ತಿದ್ದಳು. ಅರ್ಥ ಹುಡುಕಬಾರದು ಅನ್ನುವುದು ಅವಳಿಗೆ ತಿಳಿಯಿತು. ಸಭೆಯವರಿಗೆ ಹೇಳಿ ಪ್ರಯೋಜನವಿರಲಿಲ್ಲ. ಅವರಿಗೆ ಅರ್ಥ ಆಗಲೇ ಸಿಕ್ಕಿತ್ತು.

ಸಾಂತ್ವನ ಹೇಳಲು ಮೂವರು ಒಟ್ಟಿಗೆ ಬಂದರು. ಪಾಸ್ಟರ್, ಹಾಡು ಹೇಳಿಸುವ ಹಾಡಿನಕ್ಕ, ಮತ್ತು ಬ್ಯಾಂಕಿನಿಂದ ನಿವೃತ್ತರಾದರೂ ಜನರಿಂದ ನಿವೃತ್ತರಾಗದ ಮ್ಯಾನೇಜರ್. ಸತ್ಯವೇದದಲ್ಲಿ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತು ಮೈ ಕೆರೆದುಕೊಳ್ಳುತ್ತಿದ್ದ ಯೋಬನನ್ನು ನೋಡಲು ಬಂದ ಗೆಳೆಯರು ಕೂಡ ಮೂವರೇ. ಆದರೆ ಅವರು ಮೊದಲ ಏಳು ದಿನ ತುಟಿ ಪಿಟಕ್ ಅನ್ನದೆ ನೆಲದ ಮೇಲೆ ಕೂತಿದ್ದರಂತೆ. ಇವರು ಶೂ ಬಿಚ್ಚುವ ಮೊದಲೇ ಬಾಯಿ ಬಿಚ್ಚಿದರು.

"ಇದು ಪರೀಕ್ಷೆ ಕಣಮ್ಮ" ಅಂದಳು ಹಾಡಿನಕ್ಕ. "ದೇವರು ಯಾರನ್ನ ಪ್ರೀತಿಸ್ತಾನೋ ಅವರನ್ನೇ ಪರೀಕ್ಷೆ ಮಾಡ್ತಾನೆ."

"ಹಾಗಾದ್ರೆ ನಿಮ್ಮ ಮೇಲೆ ಅಷ್ಟಕ್ಕಷ್ಟೇ ಅನ್ಸುತ್ತೆ ಅಕ್ಕ" ಅಂದಳು ಜಿಪ್ಪಮ್ಮ. "ಗುಂಡುಕಲ್ಲಿನ ಹಾಗಿದ್ದೀರಲ್ಲ."

ಮ್ಯಾನೇಜರ್ ಗಂಟಲು ಸರಿ ಮಾಡಿಕೊಂಡರು. "ಬಚ್ಚಿಟ್ಟ ಪಾಪ ಏನಾದ್ರೂ ಇದ್ರೆ ನಾಲಿಗೆ ಬಿಗಿಯುತ್ತಂತೆ. ನಿಮಗೆ ಗೊತ್ತಿರೋದು ಏನಾದ್ರೂ ಇದ್ಯಾ ಅಮ್ಮ?"

ಉಪವಾಸದ ದಿನದ ಮೂರು ಮೊಟ್ಟೆ ಅವಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

ಕೊನೆಗೆ ಪಾಸ್ಟರ್, ಇದು ಸುಳ್ಳಿನ ಆತ್ಮ, ಓಡಿಸಲೇಬೇಕು ಅಂತ ತೀರ್ಮಾನಿಸಿದರು. ಮೂವರೂ ಹಾಸಿಗೆಯ ಸುತ್ತ ನಿಂತರು. "ಸುಳ್ಳಿನ ಆತ್ಮವೇ, ಹೊರಗೆ ಹೋಗು!" ಅಂದರು ಪಾಸ್ಟರ್. "ಸುಳ್ಳು" ಅಂದ ರೋಗಿ. "ನಿನಗೆ ಇಲ್ಲಿ ಜಾಗವಿಲ್ಲ!" "ಸುಳ್ಳು." "ನೀನು ಸೋತಿದ್ದೀಯ!" "ಸುಳ್ಳು!" ಹೀಗೆ ಮುಕ್ಕಾಲು ಗಂಟೆ ಪಾಸ್ಟರ್ ಗದರುವುದು, ಅವನು ಉತ್ತರ ಕೊಡುವುದು. ಆತ್ಮ ಹೋಯಿತೋ ಇಲ್ಲವೋ, ಪಾಸ್ಟರ್ ಧ್ವನಿ ಹೋಯಿತು. ಚಹಾ ಕುಡಿದು, ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡಿ, ನಲವತ್ತು ಗಂಟೆಗಳ ಸರಪಳಿ ಪ್ರಾರ್ಥನೆ ಇಡುತ್ತೇವೆ ಅಂತ ಭರವಸೆ ಕೊಟ್ಟು ಹೊರಟರು.

ಸರಪಳಿ ಪ್ರಾರ್ಥನೆ ನಡೆಯಿತು. ನಲವತ್ತು ಗಂಟೆ, ನಲವತ್ತು ಜನ. ಅವರಲ್ಲಿ ಒಬ್ಬರೂ ಹಾಸಿಗೆ ಬಟ್ಟೆ ಬದಲಾಯಿಸಲು ಬರಲಿಲ್ಲ. ಬಂದವನು ಕೆಳಮನೆಯ ಪ್ಲಂಬರ್, ದೇವರಿಲ್ಲ ಅನ್ನುವವನು. ಒಂದು ಬೆಳಗ್ಗೆ ಜಿಪ್ಪಮ್ಮ ಗಂಡನನ್ನು ಕುರ್ಚಿಗೆ ದಾಟಿಸುವಾಗ ಇಬ್ಬರೂ ಉರುಳಿಬಿದ್ದ ಸದ್ದು ಕೇಳಿ ಓಡಿ ಬಂದ. ವಾಕ್ಯದಣ್ಣನ ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿದ. ಮರುದಿನ ಅದೇ ಹೊತ್ತಿಗೆ ಬಂದ. ಅದರ ಮರುದಿನವೂ ಬಂದ. ಸ್ನಾನ ಮಾಡಿಸಿ, ಮೆಟ್ಟಿಲಿಳಿಸಿ, ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ ಕೆಲಸಕ್ಕೆ ಹೋಗುತ್ತಿದ್ದ. "ದೇವರಿದ್ದಿದ್ರೆ ಕಬ್ಬಿಣದ ಪೈಪಿಗೆ ತುಕ್ಕು ಯಾಕೆ ಹಿಡೀತಿತ್ತು ಹೇಳಿ" ಅನ್ನುವುದು ಅವನ ಧರ್ಮಶಾಸ್ತ್ರ. ಅದಕ್ಕೆ ವಾಕ್ಯದಣ್ಣನ ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ಪ್ಲಂಬರ್ ಬೇಜಾರು ಮಾಡಿಕೊಳ್ಳಲಿಲ್ಲ.

ಎರಡು ತಿಂಗಳಾದ ಮೇಲೆ ಜಿಪ್ಪಮ್ಮ ಗಂಡನನ್ನು ಗಾಲಿ ಕುರ್ಚಿಯಲ್ಲಿ ಆರಾಧನೆಗೆ ಕರೆದುಕೊಂಡು ಹೋದಳು. ಹಾಡು ಮುಗಿಯುವವರೆಗೆ ಎಲ್ಲ ಸರಿಯಿತ್ತು. ಪಾಸ್ಟರ್ ಪ್ರಸಂಗ ಶುರು ಮಾಡಿದರು. ಅವರಿಗೊಂದು ಅಭ್ಯಾಸ, ಪ್ರತಿ ದೊಡ್ಡ ಮಾತಿನ ನಂತರ ನಿಲ್ಲಿಸಿ ಸಭೆಯನ್ನು ನೋಡುವುದು.

"ನಂಬಿದವನಿಗೆ ಕೊರತೆಯೇ ಇಲ್ಲ!" ಅಂದು ನಿಲ್ಲಿಸಿದರು.

"ಸುಳ್ಳು" ಅಂತ ಹಿಂದಿನ ಸಾಲಿನಿಂದ ಬಂತು.

ಮಕ್ಕಳು ಕಿಸಕ್ಕೆಂದರು. ಪಾಸ್ಟರ್ ಮುಂದುವರಿಸಿದರು. "ನನ್ನ ಜೀವನದಲ್ಲಿ ನಾನು ಒಂದು ದಿನವೂ ಭಯಪಟ್ಟವನಲ್ಲ!" ಮತ್ತೆ ನಿಲ್ಲಿಸಿದರು, ಪಾಪ, ಅಭ್ಯಾಸಬಲ.

"ಸುಳ್ಳು."

ಆಮೇಲೆ ಅವರು ನಿಲ್ಲಿಸುವುದನ್ನೇ ಬಿಟ್ಟು, ಉಸಿರು ತೆಗೆದುಕೊಳ್ಳದೆ ರೈಲಿನ ಹಾಗೆ ಓಡಿ ಆಶೀರ್ವಾದಕ್ಕೆ ಬಂದು ಮುಟ್ಟಿದರು. ಬುಧವಾರ ಸಮಿತಿಯ ಕಡೆಯಿಂದ ಮ್ಯಾನೇಜರ್ ಬಂದರು. "ಅಣ್ಣನ ಆರೋಗ್ಯದ ದೃಷ್ಟಿಯಿಂದ, ಸ್ವಲ್ಪ ಕಾಲ ಮನೆಯಲ್ಲೇ ಫೋನಿನಲ್ಲಿ ಆರಾಧನೆ ನೋಡೋದು ಒಳ್ಳೇದು ಅಂತ ಎಲ್ಲರ ಪ್ರೀತಿಯ ಅಭಿಪ್ರಾಯ." ಪ್ರೀತಿ ಅಷ್ಟು ಜೋರಾಗಿದ್ದರೆ ಯಾರು ತಾನೇ ಎದುರು ನಿಲ್ಲುತ್ತಾರೆ? ಜಿಪ್ಪಮ್ಮ "ಆಗಲಿ ಸಾರ್" ಅಂದಳು. ಮ್ಯಾನೇಜರ್ ಹೋದ ಮೇಲೆ ಕೈಯಲ್ಲಿದ್ದ ಕೋಟಿನ ತೋಳನ್ನು ತಲೆಕೆಳಗಾಗಿ ಹೊಲಿದುಬಿಟ್ಟಳು. ಬಿಚ್ಚುವುದಕ್ಕೆ ಅರ್ಧ ದಿನ ಹಿಡಿಯಿತು.

ಮರುದಿನ ಹನ್ನೊಂದು ಗಂಟೆಯ ಹೊತ್ತು. ಬೀದಿಯಲ್ಲಿ ಜನ ಕಡಿಮೆ. ಗಂಡ ಬಾಗಿಲಲ್ಲಿ ಕೂತಿದ್ದ. ಜಿಪ್ಪಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಎದ್ದು ಅವನ ತಗಡಿನ ಡಬ್ಬಿ ತೆಗೆದುಕೊಂಡು, ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

"ಬನ್ನಿ, ಇವತ್ತು ನಿಮಗೆ ನೀವೇ ಸಮಾಧಾನ ಹೇಳ್ಕೊಳ್ಳಿ" ಅಂತ ಒಂದೊಂದೇ ಚೀಟಿ ತೆಗೆದು ಓದಿದಳು. ಹಕ್ಕಿಗಳ ಚೀಟಿ. "ಸುಳ್ಳು." ಹದ್ದಿನ ಚೀಟಿ. "ಸುಳ್ಳು." ಹಸುರು ಹುಲ್ಲುಗಾವಲಿನ ಚೀಟಿ. "ಸುಳ್ಳು." ಅವಳಿಗೆ ನಗುವೂ ಬಂತು, ಅಳುವೂ ಬಂತು. ಡಬ್ಬಿಯ ತಳದಲ್ಲಿ ಹಳದಿಗಟ್ಟಿದ ಒಂದು ಚೀಟಿ ಸಿಕ್ಕಿತು. ಕೊಟ್ಟವನಿಗೆ ತೆಗೆದುಕೊಳ್ಳುವ ಹಕ್ಕಿದೆ, ಅವನಿಗೆ ಸ್ತೋತ್ರ ಅನ್ನುವ ಅರ್ಥದ್ದು. ಅವಳು ಅದನ್ನು ಓದಲಿಲ್ಲ.

ಅದು ಅವಳಿಗೇ ಕೊಟ್ಟಿದ್ದ ಚೀಟಿ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅವರಿಗೊಂದು ಹೆಣ್ಣು ಮಗು ಹುಟ್ಟಿ ಹತ್ತೊಂಬತ್ತು ದಿನ ಬದುಕಿತ್ತು. ಇಪ್ಪತ್ತನೇ ದಿನ ಭಾನುವಾರ. ಅವನು ವೇದಿಕೆ ಹತ್ತಿ, ಒಂದು ಹನಿ ಕಣ್ಣೀರಿಲ್ಲದೆ, ದೇವರಿಗೆ ಸ್ತೋತ್ರ ಅಂತ ಸಾಕ್ಷಿ ಹೇಳಿದ್ದ. ಎಂಥ ನಂಬಿಕೆ ಅಂತ ಸಭೆಯೆಲ್ಲ ಕೊಂಡಾಡಿತ್ತು. ಮನೆಗೆ ಬಂದು ಹೆಂಡತಿಯ ದಿಂಬಿನ ಪಕ್ಕ ಈ ಚೀಟಿ ಇಟ್ಟಿದ್ದ. ಎದೆಹಾಲು ಕಟ್ಟಿಕೊಂಡು ಜ್ವರದಲ್ಲಿ ಮಲಗಿದ್ದ ಅವಳು ಓದಿ, ಮಡಚಿ, ಡಬ್ಬಿಗೇ ವಾಪಸು ಹಾಕಿದ್ದಳು. ಅಂದಿನಿಂದ ಆ ಮಗುವಿನ ಮಾತು ಇಬ್ಬರ ನಡುವೆ ಬಂದದ್ದಿಲ್ಲ.

"ರೀ, ಇದು ನೆನಪಿದ್ಯಾ?" ಅಂತ ಚೀಟಿಯನ್ನು ಅವನ ಮುಂದೆ ಹಿಡಿದಳು. "ಅವತ್ತು ನಿಮಗೆ ಅಳು ಬರಲಿಲ್ವಾ? ನಿಜ ಹೇಳಿ. ಸಮಾಧಾನ ಆಗಿತ್ತಾ ನಿಮಗೆ?"

ಅವನು ಚೀಟಿ ನೋಡಿದ. ಬಾಯಿ ತೆರೆದ. ಏನೂ ಬರಲಿಲ್ಲ, ಆ ಒಂದು ಪದವೂ ಬರಲಿಲ್ಲ. ಗಂಟಲಿನಿಂದ ಬರಿಯ ಒಂದು ದನಿ ಬಂತು, ಮುಖ ಕಿವುಚಿಕೊಂಡಿತು, ಕಣ್ಣಿಂದ ಮೂಗಿಂದ ನೀರು ಸುರಿಯಿತು. ಎಡಗೈಯಲ್ಲಿ ಚೀಟಿ ಕಿತ್ತುಕೊಂಡು ಹರಿಯಲು ನೋಡಿದ. ಒಂದು ಕೈಯಲ್ಲಿ ಕಾಗದ ಹರಿಯುವುದು ಹೇಗೆ? ತೊಡೆಗೆ ಒತ್ತಿದ, ಹಲ್ಲಿಗೆ ಕೊಟ್ಟ, ಆಗಲಿಲ್ಲ. ಜಿಪ್ಪಮ್ಮ ಇನ್ನೊಂದು ತುದಿ ಹಿಡಿದುಕೊಂಡಳು. ಅವನು ಎಳೆದ. ಚೀಟಿ ಎರಡಾಯಿತು. ಅಷ್ಟು ವರ್ಷದ ಮೇಲೆ ಇಬ್ಬರೂ ಕೂತು ಆ ಮಗುವಿಗಾಗಿ ಅತ್ತರು. ಆ ಹೊತ್ತಿಗೇ ಬ್ಯಾಗು ಹಿಡಿದುಕೊಂಡು ಬಂದ ಗಿರಾಕಿಯೊಬ್ಬಳು ಬಾಗಿಲಲ್ಲಿ ನಿಂತು, ಇದು ಜಿಪ್ಪು ಕೇಳುವ ಸಮಯವಲ್ಲ ಅಂತ ತಿಳಿದು, ಹಾಗೇ ಹಿಂದಿರುಗಿದಳು.

ಆ ದಿನದಿಂದ ಡಬ್ಬಿ ಮುಚ್ಚಿತು, ಪುಸ್ತಕ ತೆರೆಯಿತು. ತುಂಡು ಬಟ್ಟೆ ನೋಡಿ ಇಡೀ ಅಂಗಿಯ ಅಳತೆ ಹೇಳಲಾಗದು ಅನ್ನುವುದು ಅವಳ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಂಡ ಕತ್ತರಿಸಿಕೊಂಡ ಸಾಲುಗಳ ಮೇಲೆ ಏನಿತ್ತು, ಕೆಳಗೆ ಏನಿತ್ತು ನೋಡೋಣ ಅಂತ ಸತ್ಯವೇದದ ಕೀರ್ತನೆಗಳನ್ನು ಮೊದಲಿನಿಂದ ಓದತೊಡಗಿದಳು. ಓದಿ ದಂಗಾದಳು. ಅರ್ಧಕ್ಕರ್ಧ ಬರಿಯ ದೂರು! ಎಷ್ಟು ದಿನ ಮುಖ ತಿರುಗಿಸಿಕೊಂಡಿರುತ್ತೀ ಅಂತ ಒಬ್ಬ ದೇವರನ್ನೇ ಗದರುತ್ತಾನೆ. ಅತ್ತು ಅತ್ತು ಹಾಸಿಗೆ ತೇಲಿಹೋಯಿತು ಅನ್ನುತ್ತಾನೆ ಇನ್ನೊಬ್ಬ. ಮತ್ತೊಬ್ಬನಂತೂ ಗೆಳೆಯರೆಲ್ಲ ದೂರವಾದರು, ಉಳಿದದ್ದು ಕತ್ತಲೆಯೊಂದೇ ಅಂದು ಅಲ್ಲಿಗೇ ಹಾಡು ನಿಲ್ಲಿಸಿಬಿಟ್ಟಿದ್ದಾನೆ. ಕೊನೆಯಲ್ಲಿ ಒಂದು ಸ್ತೋತ್ರವೂ ಇಲ್ಲ. ಇಂಥವರು ನಮ್ಮ ಸಭೆಗೆ ಬಂದಿದ್ದರೆ ಸಮಿತಿ ಇವರಿಗೂ ಫೋನಿನಲ್ಲೇ ಆರಾಧನೆ ಅನ್ನುತ್ತಿತ್ತು ಅಂತ ಜಿಪ್ಪಮ್ಮ ಗೊಣಗಿದಳು.

ಒಂದು ಸಂಗತಿ ಅವಳ ಗಮನಕ್ಕೆ ಬಂತು. ಇಂಥ ಸಾಲು ಓದುವಾಗ ಗಂಡ ಸುಮ್ಮನೆ ಇರುತ್ತಿದ್ದ. ತಲೆ ಸ್ವಲ್ಪ ಮುಂದೆ ಬಾಗಿಸಿ, ಟಿಕೆಟ್ಟನ್ನು ಬೆಳಕಿಗೆ ಹಿಡಿದು ನೋಡುವವನ ಹಾಗೆ ಕೇಳುತ್ತಿದ್ದ. ಅರ್ಥ ಹುಡುಕಬೇಡಿ ಅಂತ ಮಾತಿನ ಚಿಕಿತ್ಸೆಯ ಹುಡುಗಿ ಹೇಳಿದ್ದಳು. ಜಿಪ್ಪಮ್ಮ ಹುಡುಕಲಿಲ್ಲ. ಆದರೆ ಮರುದಿನ ಅದೇ ಹೊತ್ತಿಗೆ ಮತ್ತೆ ಓದಿದಳು.

ಗಿರಾಕಿಗಳು ಕೇಳಿಸಿಕೊಂಡರು. ಅಂಚು ಹೊಲಿಯುವವರೆಗೆ ಕೂತವರು ಅಂಚು ಮುಗಿದ ಮೇಲೂ ಕೂತರು. ಒಂದು ದಿನ ಎಲೆಕ್ಟ್ರಿಷಿಯನ್ನನ ಹೆಂಡತಿ ಬಂದಳು. ಮಗಳ ಯೂನಿಫಾರ್ಮು ಉದ್ದ ಮಾಡಿಸಲು ಬಂದವಳು ವಾಕ್ಯದಣ್ಣನನ್ನು ನೋಡಿ ಬಾಗಿಲಲ್ಲೇ ನಿಂತಳು. ಇವನಿಗೆ ಬುದ್ಧಿ ಬಂತು ಅಂತ ಸಂತೋಷಪಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಆಕೆಗೇ. ಆದರೆ ಆಕೆ ಯೂನಿಫಾರ್ಮು ಕೊಡಲು ಒಂದು ಹೆಜ್ಜೆ ಒಳಗೆ ಬಂದಳು. ಅವನೇ ಎಡಗೈ ಚಾಚಿ ಆಕೆಯ ಮಣಿಕಟ್ಟು ಹಿಡಿದ. "ಸುಳ್ಳು" ಅಂದ. ತಲೆ ತಗ್ಗಿಸಿ, ಮೆಲ್ಲಗೆ, ಮತ್ತೆ ಮತ್ತೆ, "ಸುಳ್ಳು, ಸುಳ್ಳು" ಅಂದ.

"ಆಯ್ತು ಬಿಡಿ ಅಣ್ಣ" ಅಂದಳು ಆಕೆ. ಕಣ್ಣು ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು. "ನಾನೂ ಅವತ್ತು ಅದೇ ಅಂದ್ಕೊಂಡಿದ್ದೆ."

ಆರು ತಿಂಗಳಾದ ಮೇಲೆ ಜಿಪ್ಪಮ್ಮ ಸಮಿತಿಯನ್ನು ಕೇಳದೆ, ಗಂಡನನ್ನು ಮತ್ತೆ ಸಭೆಗೆ ಕರೆದುಕೊಂಡು ಹೋದಳು. ಬಾಗಿಲ ಪಕ್ಕದಲ್ಲೇ ಕುರ್ಚಿ ನಿಲ್ಲಿಸಿದಳು. ಮ್ಯಾನೇಜರ್ ಎದ್ದು ಬಂದಾಗ, "ಇವರ ಆರೋಗ್ಯ ಈಗ ಚೆನ್ನಾಗಿದೆ ಸಾರ್, ನಿಮ್ಮ ಪ್ರೀತಿಗೆ ಥ್ಯಾಂಕ್ಸ್" ಅಂದಳು. ಅಂದಿನಿಂದ ಸಭೆಯಲ್ಲಿ ಒಂದು ಬದಲಾವಣೆ ಕಾಣಿಸಿತು. ಪಾಸ್ಟರ್ ಒಂದು ದೊಡ್ಡ ಮಾತು ಆಡುವ ಮೊದಲು ಬಾಗಿಲ ಕಡೆ ಒಮ್ಮೆ ನೋಡುತ್ತಿದ್ದರು. ನೋಡಿ ಆ ಮಾತನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಐವತ್ತು ನಿಮಿಷದ ಪ್ರಸಂಗ ಮೂವತ್ತಕ್ಕೆ ಇಳಿಯಿತು, ಮೂವತ್ತು ಇಪ್ಪತ್ತಾಯಿತು. ಸಭೆಯ ಇತಿಹಾಸದಲ್ಲಿ ಎಲ್ಲರೂ ಕಣ್ಣಾರೆ ಕಂಡ ಅದ್ಭುತ ಅದೊಂದೇ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ವಾಕ್ಯದಣ್ಣನ ಕೈ ಕುಲುಕುವವರ ಸಾಲು ವಾರದಿಂದ ವಾರಕ್ಕೆ ಉದ್ದವಾಯಿತು.

ಆಮೇಲೆ ಪಾಸ್ಟರ್ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಹಾಡಿನಕ್ಕ ಇದು ಪರೀಕ್ಷೆ ಅಂದಳು. ಮ್ಯಾನೇಜರ್ ಬಚ್ಚಿಟ್ಟ ಪಾಪದ ಮಾತು ತೆಗೆದರು. ಸರಪಳಿ ಪ್ರಾರ್ಥನೆ ಶುರುವಾಯಿತು. ಮೂರನೇ ದಿನ ಮಧ್ಯಾಹ್ನ ಪಾಸ್ಟರ್ ಒಬ್ಬರೇ ಅಂಗಡಿಗೆ ಬಂದರು. ಬಿಚ್ಚಿದ್ದೂ ಇಲ್ಲ, ಹರಿದದ್ದೂ ಇಲ್ಲ, ಕೈಯಲ್ಲಿ ಏನೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತು ನೆಲ ನೋಡಿದರು.

"ಅಕ್ಕ, ನನಗೆ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ. ಬಾಯಿ ತೆಗೆದ್ರೆ ಪ್ರಸಂಗ ಬರುತ್ತೆ. ಭಯ ಆಗ್ತಿದೆ."

ಒಂದು ದಿನವೂ ಭಯಪಟ್ಟವನಲ್ಲ ಅಂದಿದ್ದಿರಲ್ಲ ಅನ್ನುವ ಮಾತು ಜಿಪ್ಪಮ್ಮನ ಗಂಟಲವರೆಗೆ ಬಂದಿತ್ತು. ಅಂಥ ಅವಕಾಶ ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ? ಆದರೆ ಆ ಮನುಷ್ಯನ ಅಂಗಿಯ ಗುಂಡಿಗಳು ಮೇಲೆ ಕೆಳಗೆ ಸೇರಿಕೊಂಡಿದ್ದವು. ಮನೆಯಲ್ಲಿ ನೋಡುವವರು ಯಾರೂ ಇಲ್ಲ ಅನ್ನುವುದು ಅದರಲ್ಲೇ ಕಂಡಿತು. ಅವಳು ಮಾತು ನುಂಗಿ ಚಹಾ ಕೊಟ್ಟಳು. ಕತ್ತಲೆಯಲ್ಲೇ ಮುಗಿಯುವ ಆ ಹಾಡನ್ನು ತೆಗೆದು, ದೊಡ್ಡದಾಗಿ, ನಿಧಾನವಾಗಿ ಓದಿದಳು. ಓದಿ ಪುಸ್ತಕ ಮುಚ್ಚಿದಳು. ಮೂವರೂ ಸುಮ್ಮನೆ ಕೂತರು. ಬೀದಿಯಲ್ಲಿ ಬಸ್ಸುಗಳು ಹೋದವು, ಬಂದವು. ಎದ್ದು ಹೋಗುವಾಗ ಪಾಸ್ಟರ್, "ನಾಳೆ ಬರ್ಲಾ ಅಕ್ಕ?" ಅಂತ ಕೇಳಿದರು.

"ಬನ್ನಿ. ಆಸ್ಪತ್ರೆಯಲ್ಲಿ ಪಾಸ್ಟರಮ್ಮನ ಜೊತೆ ಬೆಳಗಿನ ಪಾಳಿಗೆ ನಾನಿರ್ತೀನಿ. ನೀವು ಮನೆಗೆ ಹೋಗಿ ನಿದ್ದೆ ಮಾಡಿ" ಅಂದಳು ಜಿಪ್ಪಮ್ಮ.

ಶಸ್ತ್ರಚಿಕಿತ್ಸೆ ಆಯಿತು. ಪಾಸ್ಟರಮ್ಮ ಬದುಕಿಕೊಂಡರು, ಮೊದಲಿನ ಅರ್ಧ ತೂಕಕ್ಕೆ ಇಳಿದರು, ಅವರ ಬಟ್ಟೆಗಳನ್ನೆಲ್ಲ ಜಿಪ್ಪಮ್ಮ ಒಳಗೆ ಹಿಡಿದು ಚಿಕ್ಕದು ಮಾಡಿಕೊಟ್ಟಳು. ವಾಕ್ಯದಣ್ಣನಿಗೆ ಹದಿನಾಲ್ಕನೇ ತಿಂಗಳಲ್ಲಿ ಎರಡನೇ ಪದ ಬಂತು: "ಉಪ್ಪು." ಅಡುಗೆಗೆ ಉಪ್ಪು ಕಡಿಮೆಯಾಗಿತ್ತು, ಅಷ್ಟೇ. ನೀವು ಭೂಮಿಗೆ ಉಪ್ಪು ಅನ್ನುವ ಸತ್ಯವೇದದ ದೈವವಾಣಿ ಇದು ಅಂತ ಹಾಡಿನಕ್ಕ ಸಭೆಗೆಲ್ಲ ಸಾರಿದಳು. ಈಗ ಅವನಿಗೆ ಒಟ್ಟು ಒಂಬತ್ತು ಪದ. ಒಂಬತ್ತರಲ್ಲೇ ಬೇಕಾದಷ್ಟು ಜಗಳವಾಡುತ್ತಾನೆ.

ಮೊನ್ನೆ ಪ್ಲಂಬರ್ ಅವನನ್ನು ಕೂರಿಸಿ, ಬೆನ್ನಿಗೆ ದಿಂಬು ಕೊಡುತ್ತಾ ಕೇಳಿದ: "ಬೇಜಾರ್ ಮಾಡ್ಕೋಬೇಡಿ ಅಮ್ಮ. ಇಷ್ಟೆಲ್ಲ ಆದ್ಮೇಲೂ ಓದ್ತೀರಿ, ಹೋಗ್ತೀರಿ. ನಿಮ್ಮ ದೇವರು ನಿಮಗೆ ಮಾಡಿದ್ದಾದ್ರೂ ಏನು?"

ಜಿಪ್ಪಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೂರನೇ ಸಲಕ್ಕೆ ದಾರ ಒಳಗೆ ಹೋಯಿತು.

"ಏನು ಮಾಡ್ದ ಅಂತ ನನಗೂ ಸರಿಯಾಗಿ ಗೊತ್ತಿಲ್ಲಪ್ಪ. ಬೈದ್ರೂ ಎದ್ದು ಹೋಗ್ಲಿಲ್ಲ. ಅಷ್ಟು ಗೊತ್ತು."

"ಅಷ್ಟಕ್ಕೆ ದೇವರೇ ಬೇಕಾ? ನಾನೂ ಹೋಗ್ಲಿಲ್ವಲ್ಲ."

"ಹೌದಲ್ಲ" ಅಂದಳು ಜಿಪ್ಪಮ್ಮ, ಅವನನ್ನು ಮೇಲಿಂದ ಕೆಳಗೆ ನೋಡಿ. "ಅದಕ್ಕೇ ನೀನೂ ಅವನ ಕಡೆಯವನೇನೋ ಅಂತ ನನಗೆ ಸ್ವಲ್ಪ ಅನುಮಾನ."

ಪ್ಲಂಬರ್ ತಲೆ ಕೆರೆದುಕೊಂಡು, ಉಪಕರಣದ ಚೀಲ ಹೆಗಲಿಗೇರಿಸಿ, ಎರಡನೇ ಮಹಡಿಯಲ್ಲಿ ಸೋರುತ್ತಿದ್ದ ಟ್ಯಾಂಕಿನ ಕಡೆ ಹೊರಟ.